ಇಶಾನನ ತಲೆ, ನನ್ನ ಮೀಸೆ

ಜೂನ್ 9, 2003. ಸೋಮವಾರ. ಬ್ರೇಕ್, 9.30

ಮೂರನೇ ಮೆಷಿನ್ ಮತ್ತೆ ಜಾಮ್. ರಟ್ಟು ಹಸಿ ಇತ್ತು. ಮೆಕ್ಯಾನಿಕ್ ಬರುವ ಮೊದಲೇ ನಾನೇ ಬಿಡಿಸಿ ಚಾಲೂ ಮಾಡಿದೆ. ಬಂದು ನೋಡಿ "ಗುಡ್ ಜಾಬ್, ಗುರು" ಅಂದ. ಈ ಗುರುಶಾಂತಪ್ಪ ಓದಿದ್ದು ಏಳನೇ ಇಯತ್ತೆ ಅಂತ ಅವನಿಗೇನು ಗೊತ್ತು.

ಬ್ರೇಕ್ ರೂಮಿನಲ್ಲಿ ನಜೀಬನ ಕೂಡ ಜಗಳ. ಕಲಬುರ್ಗಿಯವ. ಅಮೆರಿಕದ ಎಲ್ಕ್ ಗ್ರೋವ್‌ನ ಈ ರಟ್ಟಿನ ಡಬ್ಬಿ ಫ್ಯಾಕ್ಟರಿಯಲ್ಲಿ ನನಗೆ ಕೆಲಸ ಕೊಡಿಸಿದವ, ಆದ್ದರಿಂದ ತಾನು ಅಂದದ್ದೆಲ್ಲ ಖರೆ ಅಂತ ತಿಳಿದಿದ್ದಾನೆ. ವಿಷಯ — ನನ್ನ ತಂಗಿ ಪ್ರಭಾವತಿಯ ಮಗ ಇಶಾನ್. ಹದಿನಾರು ವರ್ಷ. ಹೈಸ್ಕೂಲ್ ಫುಟ್‌ಬಾಲ್ ಟೀಮಿನ ಕ್ವಾರ್ಟರ್‌ಬ್ಯಾಕ್. ಇಲ್ಲಿನ ಫುಟ್‌ಬಾಲ್ ಕೈಯಾಟ, ಗುದ್ದಾಟ; ಇವನು ಚೆಂಡು ಎಸೆಯುವವ, ಉಳಿದ ಹತ್ತು ಜನರನ್ನು ಆಡಿಸುವವ. ಆದರೆ ಆ ಜಾಗಕ್ಕೆ ಇಬ್ಬರಿದ್ದಾರೆ. ಬರುವ ಸೀಸನ್‌ಗೆ ಮೊದಲು ಇಳಿಯುವವನು ಇವನೋ, ಇಲ್ಲ ಆ ಕೆಂಪು ಕೂದಲಿನ ಸೀನಿಯರ್ ಹುಡುಗನೋ?

"ಕೈ ಛಲೋ ಅದ ಅಣ್ಣಾ, ಒಪ್ತೀನಿ. ಮೈ ಎಲ್ಲದ? ಆ ದಾಂಡಿಗರು ಬಂದು ಬಿದ್ರ ನಿಮ್ಮ ಹುಡುಗ ನಮ್ಮ ರಟ್ಟಿನಂಗ ಮಡಚ್ತಾನ."

"ಎತ್ತು ನೋಡಿ ಬೆಳದವ ನಾನು. ಕಾಲು ಊರೋದು ನೋಡಿದ್ರ ಸಾಕು, ಎಷ್ಟು ವರ್ಷ ಬಾಳತೈತಿ ಹೇಳ್ತೀನಿ."

"ಎತ್ತಿಗಿ ಯಾರರ ಹೆಲ್ಮೆಟ್ ಹಾಕ್ತಾರೇನ್ರಿ?"

ಎಲ್ಲರೂ ನಕ್ಕರು. ಕನ್ನಡ ಬಾರದ ಪೋಲಿಶ್ ಮುದುಕನೂ ನಕ್ಕ! ಅದನ್ನು ತಡೆಯಲಾಗಲಿಲ್ಲ. ಎದ್ದು ನಿಂತೆ. ಆಗಸ್ಟ್ ಇಪ್ಪತ್ತೊಂಬತ್ತು ಮೊದಲ ಮ್ಯಾಚ್. ಅವತ್ತು ಇಶಾನ್ ಇಳಿಯದಿದ್ದರೆ ಈ ಮೀಸೆ ಬೋಳಿಸುತ್ತೇನೆ ಅಂದೆ. ಇಂಗ್ಲಿಷಿನಲ್ಲೂ ಹೇಳಿದೆ, ಬೆರಳಿಂದ ರೇಜರ್ ಎಳೆದೂ ತೋರಿಸಿದೆ. ಫೋರ್‌ಮನ್ ಸೇಫ್ಟಿ ಬೋರ್ಡಿನ ಮೇಲೇ ಬರೆದ. ಮೇಲೆ — ಅಪಘಾತವಿಲ್ಲದೆ ಕಳೆದ ದಿನ 41. ಕೆಳಗೆ — ಗುರುವಿನ ಮೀಸೆ, ಆಗಸ್ಟ್ 29.

ಮೂವತ್ತೆರಡು ವರ್ಷದ ಮೀಸೆ. ನನಗೇನೂ ಹೆದರಿಕೆ ಇಲ್ಲ.

ಜೂನ್ 11. ಬುಧವಾರ. ಸಂಜೆ

ಸಮ್ಮರ್ ಕ್ಯಾಂಪಿನ ಫಾರ್ಮು ತಂದ ಇಶಾನ್. ನಾಳೆ ಬೆಳಿಗ್ಗೆ ಕೊಡಬೇಕಂತೆ. ಪ್ರಭಾ ಡ್ಯೂಟಿಯಲ್ಲಿ, ಅವಳ ಗಂಡ ರವಿಯವರ ಟ್ರೇನ್ ಬರುವುದು ಏಳಕ್ಕೆ; ಮನೆಯಲ್ಲಿದ್ದವ ಅವರ ಜತೆಯೇ ಇರುವ ನಾನೊಬ್ಬನೇ. ಇಲ್ಲಿ ಕೊಡು ಅಂದೆ. ಗಾರ್ಡಿಯನ್ ಅಂತ ಇದ್ದಲ್ಲಿ ಇಂಗ್ಲಿಷಿನಲ್ಲಿ ಸಹಿ ಹೊಡೆದೆ, ದುಂಡಗೆ. ಸಂಬಂಧ — ಮದರ್ಸ್ ಬ್ರದರ್. ಅರ್ಜೆಂಟ್ ಇದ್ದರೆ ಫೋನ್ ಮಾಡುವ ನಂಬರೂ ನನ್ನದೇ.

ರಾತ್ರಿ ಊಟಕ್ಕೆ ಕೂತಾಗ ಪ್ರಭಾ ನಕ್ಕಳು. "ಅಲ್ಲೋ ಅಣ್ಣಾ, ಅಪ್ಪ ಅವ್ವ ಜೀವಂತ ಅದೀವಿ, ನೀ ಹೆಂಗ ಗಾರ್ಡಿಯನ್?"

"ಇವನ ಜವಳದಾಗ ತೊಡಿ ಮ್ಯಾಲೆ ಕೂಡಿಸಿಕೊಂಡಾವ್ರು ಯಾರು? ಇವರಪ್ಪನೇನು?"

ರವಿಯವರು ಮೈಸೂರಿನವರು, ಮೆಲ್ಲಗೆ ನಗುತ್ತಾರೆ. "ನಾನು ಫೋಟೋ ತೆಗೀತಿದ್ದೆ, ಭಾವ."

ಖರೆ ಮಾತು. ಮೂರು ವರ್ಷದವನಿದ್ದ, ಅಮೆರಿಕದಿಂದ ಕರೆತಂದಿದ್ದರು. ಕತ್ತಿ ಕಂಡು ಕಿರುಚಿದ್ದೇ ಕಿರುಚಿದ್ದು. ನಾಲ್ಕು ಜನ ಹಿಡಿದರೂ ನಿಲ್ಲಲಿಲ್ಲ. ಕಡೆಗೆ ನಾನು ಕಿವಿಯಲ್ಲಿ ಹೇಳಿದೆ — ಇವತ್ತು ನಿಂದು, ನಾಳೆ ಮಾಮಾನ ಮೀಸಿ. ನನ್ನ ಮುಖ ನೋಡಿದ. ಸುಮ್ಮನಾದ. ತಲೆ ನನ್ನ ಅಂಗೈಯಲ್ಲಿಟ್ಟು ಕೂತ. ಮರುದಿನ ಮೀಸೆ ಎಲ್ಲಿಂದ ಬೋಳಿಸಲಿ... ಎರಡು ದಿನ ಕೇಳಿದ, ಆಮೇಲೆ ವಿಮಾನ ಹತ್ತಿದ.

ಜೂನ್ 30. ಸೋಮವಾರ

ಪ್ಲಾಂಟ್ ಮ್ಯಾನೇಜರ್ ದಾರಿಯಲ್ಲಿ ನಿಲ್ಲಿಸಿ ಕೇಳಿದ — "ಹೌ ಈಸ್ ಯುವರ್ ಕ್ವಾರ್ಟರ್‌ಬ್ಯಾಕ್?" ನಾಲ್ಕು ವರ್ಷದಲ್ಲಿ ಆ ಮನುಷ್ಯ ನನ್ನ ಕೂಡ ಆಡಿದ ಮೊದಲ ಮಾತು. ಅರವತ್ತು ಗಜ ಎಸೆಯುತ್ತಾನೆ ಅಂದೆ. ನಲವತ್ತೈದು ಎಸೆಯುತ್ತಾನೆ. ಇರಲಿ.

ಜುಲೈ 16. ಬುಧವಾರ. ಸಂಜೆ 6

ನಾಲ್ಕಕ್ಕೆ ಕ್ಯಾಂಪಿನಿಂದ ಕರೆತಂದೆ. ಇಲ್ಲಿನ ಲೆಕ್ಕದಲ್ಲಿ ತೊಂಬತ್ತೆರಡು ಡಿಗ್ರಿ ಬಿಸಿಲು. ಕಾರಿನಲ್ಲಿ ಕೂತವನೇ "ಇವತ್ತು ಯಾವ ವಾರ, ಮಾಮಾ?" ಅಂದ. ಹೇಳಿದೆ. ಸಿಗ್ನಲ್ ದಾಟಿದ ಮೇಲೆ ಮತ್ತೆ ಅದೇ. ಮನೆ ತಿರುವಿನಲ್ಲಿ ಮತ್ತೆ. ನನ್ನನ್ನು ಆಡಿಸುತ್ತಿದ್ದಾನೆ ಅಂತ ನಕ್ಕೆ. ಅವನು ನಗಲಿಲ್ಲ. ಬಿಸಿಲು ಕಣ್ಣಿಗೆ ಚುಚ್ಚುತ್ತದೆ ಅಂದ.

ಆಮೇಲೆ ಹೇಳಿದ. ಇಬ್ಬರು ಒಟ್ಟಿಗೆ ಬಂದು ಗುದ್ದಿದರು, ತಲೆ ನೆಲಕ್ಕೆ ಹೊಡೆಯಿತು. ಕೋಚು ಆ ಕಡೆ ಬೇರೆ ಹುಡುಗರ ಜತೆ ಇದ್ದ. ಎದ್ದು ಮತ್ತೆ ಆಡಿದನಂತೆ.

"ಡೋಂಟ್ ಟೆಲ್ ಮಾಮ್. ಶಿ ವಿಲ್ ಮೇಕ್ ಮಿ ಕ್ವಿಟ್."

ಏನು ಮಾಡಿದೆ? ನೆತ್ತಿಗೆ ಹರಳೆಣ್ಣೆ ತಟ್ಟಿದೆ. ಬೆಲ್ಲದ ಪಾನಕ ಕೊಟ್ಟೆ. ಕಬಡ್ಡಿಯಲ್ಲಿ ನಾನು ಎಷ್ಟು ಸಲ ಬಿದ್ದಿಲ್ಲ ಅಂದೆ. ಹೇಳಬ್ಯಾಡ, ನಾನೂ ಹೇಳೂದಿಲ್ಲ, ಗಂಡಸಿನ ಮಾತು ಅಂದೆ. ಎಂಟು ತಾಸು ಮಲಗಿದರೆ ಸರಿ ಹೋಗುತ್ತದೆ.

ಹೋಗುತ್ತದೆ.

ಜುಲೈ 17

ಸರಿ ಇದ್ದಾನೆ. ಎರಡು ದೋಸೆ ತಿಂದ.

ಆಗಸ್ಟ್ 6. ಬುಧವಾರ. ಬ್ರೇಕ್

ಮೂರು ವಾರ ಬರೆದಿಲ್ಲ. ಬರೆಯಲು ಏನಿತ್ತು.

ಇಲ್ಲಿನ ಲೋಕಲ್ ಪೇಪರಿನಲ್ಲಿ ಬಂದಿದೆ — ನಮ್ಮವನೇ ಮುಂದೆ ಇದ್ದಾನಂತೆ. ನಜೀಬ್ ಕತ್ತರಿಸಿಕೊಂಡು ಬಂದ, ಪಾಪ. "ಸೋತೆ ಅಣ್ಣಾ. ಬರೇ ಎರಡು ಮ್ಯಾಚು ಗಟ್ಟಿ ನಿಂತ್ರ ಸಾಕು, ಕಾಲೇಜಿನವರು ನೋಡ್ಲಿಕ್ಕಿ ಬರ್ತಾರ." ಆ ಕಾಗದ ಬೋರ್ಡಿಗೆ ಚುಚ್ಚಿದರು. ಅಪಘಾತವಿಲ್ಲದ ದಿನ 99. ಎಲ್ಲರೂ ಬೆನ್ನು ತಟ್ಟಿದರು.

ನಿನ್ನೆ ಬೆಳಿಗ್ಗೆ ಇಶಾನ್ ಹಾಲಿನ ಕ್ಯಾನನ್ನು ತಟ್ಟೆಗಳ ಕಪಾಟಿನಲ್ಲಿಟ್ಟ. ಕಿಟಕಿ ಪರದೆ ಹಗಲಲ್ಲೂ ಎಳೆದಿರುತ್ತಾನೆ. ನಾನೇ ಹಾಲು ತೆಗೆದು ಫ್ರಿಜ್ಜಿಗೆ ಇಟ್ಟೆ. ಪ್ರಭಾ ನೋಡಲಿಲ್ಲ.

ಆಗಸ್ಟ್ 16. ಶನಿವಾರ. ಮಧ್ಯಾಹ್ನ

ಮನೆ ತುಂಬಾ ಜನ. ಗುರುವಾರದಿಂದ ಡೆಟ್ರಾಯಿಟ್ ಕಡೆಯೆಲ್ಲ ಕರೆಂಟಿಲ್ಲ, ನಲ್ಲಿಯಲ್ಲಿ ನೀರಿಲ್ಲ. ವೆಸ್ಟ್ ಬ್ಲೂಮ್‌ಫೀಲ್ಡ್‌ನಿಂದ ನನ್ನ ಮಗಳು ಛಾಯಾ, ಅಳಿಯ ಶಂಕರ್ ನಿನ್ನೆ ಇಲ್ಲಿಗೇ ಬಂದುಬಿಟ್ಟರು. ಕರಗುತ್ತಿದ್ದ ಫ್ರೀಜರಿನದನ್ನೆಲ್ಲ ಐಸ್ ಬಾಕ್ಸಿನಲ್ಲಿ ತುಂಬಿಕೊಂಡು. ಬೆಳಿಗ್ಗೆಯಿಂದ ತಿನ್ನುವುದೇ ಕೆಲಸ.

ಶಂಕರ್ ಡೆಟ್ರಾಯಿಟ್ ಫುಟ್‌ಬಾಲ್ ಟೀಮು ಲಯನ್ಸ್‌ನ ಭಕ್ತ; ನಮ್ಮ ಕಡೆಯದು ಕರಡಿ ಟೀಮು. ಕೆಣಕಿದೆ — "ಹೋದ ವರ್ಷ ನಿಮ್ಮ ಸಿಂಹ ಮೂರೇ ಮ್ಯಾಚ್ ಗೆದ್ದದ್ದಲ್ರೀ?"

"ನಿಮ್ಮ ಕರಡಿ ಎಷ್ಟು ಗೆದ್ದಿದ್ದು ಮಾವ?"

"ನಾಲ್ಕು. ಒಂದು ಹೆಚ್ಚಿಗಿ."

ನಕ್ಕರು. ಆಮೇಲೆ ಮಾತು ಇಶಾನನ ಮೇಲೆ. ರವಿಯವರೂ ಇವತ್ತು ಬಾಯಿ ಬಿಟ್ಟರು — ಕೋಚು ಫೋನ್ ಮಾಡಿದ್ದ, ಇಪ್ಪತ್ತೊಂಬತ್ತಕ್ಕೆ ಇವನೇ ಅಂತೆ. ಎದುರು ಟೀಮಿನ ಹುಡುಗರು ಬಲವಾಗಿದ್ದಾರೆ, ಇವನ ಮುಂದೆ ನಿಂತು ಕಾಯುವವರು ಎಳಸು, ಹೊಡೆತ ಬೀಳೋದು ಗ್ಯಾರಂಟಿ ಅಂದರು. ನಾನು ಎಂದಿನಂತೆ ಎತ್ತಿನ ಕತೆ ಶುರು ಮಾಡಿದೆ. ಇಶಾನ್ ಮೂಲೆಯಲ್ಲಿ ಟೊಪ್ಪಿಗೆ ಕಣ್ಣಿನ ತನಕ ಇಳಿಸಿ ಕೂತಿದ್ದ.

ಶಂಕರ್ ಆಸ್ಪತ್ರೆಯಲ್ಲಿ ಫಿಸಿಯೋ. ಬಿದ್ದವರನ್ನು ಮತ್ತೆ ನಡೆಸುವ ಕೆಲಸ. ತಟ್ಟೆ ಕೆಳಗಿಟ್ಟು ಹೇಳಿದ — "ನನ್ನ ಹತ್ರ ಒಬ್ಬ ಹುಡುಗ ಬರ್ತಾನೆ ಮಾವ. ಹದಿನೇಳು. ಇವನ ಹಾಗೇ ಕ್ವಾರ್ಟರ್‌ಬ್ಯಾಕ್ ಆಗಿದ್ದ. ಈಗ ಚಮಚ ಹಿಡಿಯೋಕೆ ಕಲಿಸ್ತಾ ಇದೀನಿ."

"ಅಷ್ಟು ಜೋರು ಹೊಡತ ಬಿತ್ತೇನು?"

"ಜೋರೇನಲ್ಲ. ಎರಡನೇದು ಅಷ್ಟೇ. ಮೊದಲನೇದು ಮಾಯೋಕೆ ಮುಂಚೆ ಬಿತ್ತು. ಮೊದಲನೇದನ್ನ ಯಾರಿಗೂ ಹೇಳಿರ್ಲಿಲ್ಲ ಅವನು."

ಪ್ರಭಾ ಇನ್ನೊಂದು ಹೋಳಿಗೆ ಹಾಕಲು ಬಂದಳು. ಸಾಕು ಅಂದೆ. ನಾನು ಸಾಕು ಅಂದದ್ದಕ್ಕೆ ಎಲ್ಲರೂ ನನ್ನನ್ನೇ ನೋಡಿದರು. ನಾನು ಮೂಲೆ ನೋಡಿದೆ. ಟೊಪ್ಪಿಗೆಯ ಕೆಳಗಿನಿಂದ ಅವನೂ ನನ್ನನ್ನೇ ನೋಡುತ್ತಿದ್ದ.

ಆಗಸ್ಟ್ 18. ಸೋಮವಾರ. ಬ್ರೇಕ್

ಬೆಳಿಗ್ಗೆ ರಟ್ಟಿನ ಅಂಚು ನಜೀಬನ ಬೆರಳಿಗೆ ಗೀರಿತು. ರಕ್ತ ನಾಲ್ಕು ಹನಿ ಇಲ್ಲ. ಆದರೂ ಕಾನೂನು — ಫಾರ್ಮು ಬರೆದುಕೊಡಬೇಕು. ಬರೆದ. ಬೋರ್ಡಿನ ಮೇಲಿನ 111 ಅಳಿಸಿ ಸೊನ್ನೆ ಹಾಕಿದರು.

"ಮುಚ್ಚಿಟ್ಟಿದ್ರ ಯಾರಿಗಿ ಗೊತ್ತಾಗ್ತಿತ್ತು?" ಅಂದೆ.

"ನನಗ ಗೊತ್ತಾಗ್ತಿತ್ತಲ್ಲ ಅಣ್ಣಾ" ಅಂದ. ಬೆರಳಿಗೆ ಪಟ್ಟಿ ಸುತ್ತುತ್ತಲೇ. ದೊಡ್ಡ ಮಾತು ಆಡಿದೆ ಅಂತ ಅವನಿಗೆ ಅನಿಸಲೇ ಇಲ್ಲ.

ಸಂಜೆ 5.15

ಸೀಸನ್ ಶುರುವಿಗೆ ಇನ್ನೊಂದು ಫಾರ್ಮು ಅಂತೆ. ಇಶಾನ್ ನನ್ನ ರೂಮಿಗೇ ತಂದ. ಪೆನ್ನೂ ತಂದಿದ್ದಾನೆ. "ಜಸ್ಟ್ ಸೈನ್ ಇಟ್, ಮಾಮಾ."

ಮೊದಲನೆಯದನ್ನು ಓದಿರಲಿಲ್ಲ. ಇದನ್ನು ಓದಿದೆ, ಒಂದೊಂದೇ ಅಕ್ಷರ ಕೂಡಿಸಿ. ಏಳನೇ ಸಾಲು. ಹೋದ ಸಲದ ವೈದ್ಯಕೀಯ ತಪಾಸಣೆಯ ನಂತರ ತಲೆಗೆ ಪೆಟ್ಟು ಬಿದ್ದಿದೆಯೇ? ಹೌದು, ಇಲ್ಲ, ಎರಡು ಚೌಕ.

"ಈಗಲೂ ತಲಿ ನೋಯತೈತೇನು?"

"ಸಮ್‌ಟೈಮ್ಸ್."

"ದಿನಾಲೂ?"

ಟೊಪ್ಪಿಗೆ ಇನ್ನಷ್ಟು ಕೆಳಗೆ ಎಳೆದುಕೊಂಡ. ನಾಳೆ ಕೊಡುತ್ತೇನೆ ಅಂತ ಇಟ್ಟುಕೊಂಡೆ. ಇಲ್ಲೇ ಮೇಜಿನ ಮೇಲಿದೆ. ಅವನು ಹೋದ ಮೇಲಿನಿಂದ ಅದನ್ನೇ ನೋಡುತ್ತಿದ್ದೇನೆ.

ಯಾರ ಸಲುವಾಗಿ ಮುಚ್ಚಿಟ್ಟೆ? ಹುಡುಗನ ಸಲುವಾಗಿ ಅಂತ ಇಷ್ಟು ದಿನ ಹೇಳಿಕೊಂಡೆ. ಸುಳ್ಳು. ನಾಲ್ಕು ವರ್ಷ ಆ ಫ್ಯಾಕ್ಟರಿಯಲ್ಲಿ ನಾನು ಮೂರನೇ ಮೆಷಿನ್ನು. ಈ ಬೇಸಿಗೆ ಮನುಷ್ಯ ಆದೆ — ಅವನ ಕೈಯಿಂದ. ಅವನ ಮುಂದೆ ನಿಂತು ಹೊಡೆತ ತಡೆಯುವವರು ಎಳಸು ಅಂದರು ರವಿಯವರು. ನಾನೇನು ಬಲಿತವನೇ? ಐವತ್ತನಾಲ್ಕು ವರ್ಷ...

ಹೌದು ಅಂತಿದ್ದಲ್ಲಿ ಗೀಟು ಹಾಕಿದೆ. ತಾರೀಖೂ ಬರೆದೆ, ಜುಲೈ 16. ಸಹಿ ನಾನು ಮಾಡಲಿಲ್ಲ. ಅದು ಅವನವ್ವ ಮಾಡಬೇಕಾದ ಸಹಿ. ಪ್ರಭಾ ಈಗ ಅಡಿಗೆ ಮನೆಯಲ್ಲಿದ್ದಾಳೆ. ಸೊಪ್ಪು ಹೆಚ್ಚುವ ಸದ್ದು ಕೇಳುತ್ತಿದೆ. ಹೋಗುತ್ತೇನೆ.

ಆಗಸ್ಟ್ 22. ಶುಕ್ರವಾರ

ಆಯ್ತು.

ಡಾಕ್ಟರ್ ನೋಡಿದರು. ಇನ್ನೂ ಮಾಯ್ದಿಲ್ಲ. ತಲೆನೋವು ಪೂರ್ತಿ ನಿಂತ ಮೇಲೆಯೇ ಮೈದಾನ, ಎಷ್ಟು ವಾರ ಅಂತ ಹೇಳಲಾಗದು. ಇಪ್ಪತ್ತೊಂಬತ್ತಕ್ಕೆ ಅಂತೂ ಇಲ್ಲ. ಈ ಹೊತ್ತಿನಲ್ಲಿ ಇನ್ನೊಂದು ಬಿದ್ದಿದ್ದರೆ ಅಂತ ಶುರು ಮಾಡಿ ಡಾಕ್ಟರ್ ಮಾತು ಅಲ್ಲಿಗೇ ಬಿಟ್ಟರಂತೆ. ಕೋಚು ಕೆಂಪು ಕೂದಲಿನವನನ್ನು ಹಾಕಿದ.

ಪ್ರಭಾ ಆವತ್ತು ಕೂಗಾಡಲಿಲ್ಲ. ಚಾಕು ಕೆಳಗಿಟ್ಟು ಬೆರಳು ಮಡಚಿ ಎಣಿಸಿದಳು. "ಮೂವತ್ಮೂರು ದಿನ. ಮೂವತ್ಮೂರು ದಿನ ದಿನಾ ನನ್ನ ಕೈಲೆ ಉಂಡಿ ಅಣ್ಣಾ." ಅಷ್ಟೇ. ಕೂಗಾಡಿದ್ದರೆ ಚೆನ್ನಾಗಿತ್ತು. ರವಿಯವರು ಭಾವ ಅನ್ನುವುದನ್ನು ಬಿಟ್ಟು "ನೀವು" ಅನ್ನುತ್ತಿದ್ದಾರೆ.

ಇಶಾನ್ ಒಂದೇ ಮಾತು ಆಡಿದ, ಮಂಗಳವಾರ, ಮೆಟ್ಟಿಲ ಮೇಲೆ ನಿಂತು. "ಯು ಟೋಲ್ಡ್ ಮಿ ನಾಟ್ ಟು ಟೆಲ್. ದೆನ್ ಯು ಟೋಲ್ಡ್." ಆಮೇಲೆ ಇಲ್ಲ. ಸ್ಕೂಲಿಗೆ ಈಗ ನನ್ನ ಕಾರಲ್ಲ, ಗೆಳೆಯನ ಕಾರು.

ಸರಿಯಾದ ಮಾತೇ. ಎರಡು ಸಲ ಮೋಸ ಮಾಡಿದೆ. ಎರಡನೆಯದಕ್ಕೆ ಮಾತ್ರ ನಾಚಿಕೆ ಇಲ್ಲ.

ಆಗಸ್ಟ್ 28. ಗುರುವಾರ. ಬ್ರೇಕ್

ಎಲ್ಲ ಹೇಳಿಬಿಟ್ಟೆ, ಹರಳೆಣ್ಣೆ ಸಮೇತ. ಯಾರೂ ನಗಲಿಲ್ಲ. ಫೋರ್‌ಮನ್ ಬೋರ್ಡಿನ ಮೇಲಿನ ಮೀಸೆ ಸಾಲು ಅಳಿಸಲು ಹೋದ. ನಜೀಬನೂ "ಬಿಡ್ರಿ ಅಣ್ಣಾ, ಹುಡುಗನ ತಬಿಯತ್ ಕೆಟ್ಟದ್ದಕ್ಕ ಏನ್ ಬಾಜಿ. ಮೀಸಿ ಇಟ್ಕೊಳ್ರಿ, ನಿಮ್ಮ ಮುಖದಾಗ ನೋಡುವಂಥದ್ದು ಅದೊಂದೇ ಅದ" ಅಂದ.

ಇರಲಿ ಬಿಡಿ, ಅಳಿಸಬೇಡಿ ಅಂದೆ.

ಆಗಸ್ಟ್ 29. ಶುಕ್ರವಾರ. ಸಂಜೆ 4.40

ಮ್ಯಾಚ್ ಏಳಕ್ಕೆ. ಬಾತ್‌ರೂಮಿನ ಕಟ್ಟೆಯ ಮೇಲೆ ಡೈರಿ ಇಟ್ಟು ಬರೆಯುತ್ತಿದ್ದೇನೆ. ಹಾಳೆ ಒದ್ದೆ. ಮೊದಲು ಕತ್ತರಿ, ಆಮೇಲೆ ನೊರೆ, ಆಮೇಲೆ ರೇಜರ್.

ಎಡಗಡೆ ಆಯ್ತು. ಕೆಳಗಿನ ಚರ್ಮ ಬೆಳ್ಳಗೆ, ಕೂಸಿನ ಮೈ ಇದ್ದ ಹಾಗಿದೆ. ಕನ್ನಡಿಯಲ್ಲಿ ಯಾರೋ ಬೇರೆಯವ — ನಮ್ಮಪ್ಪನೂ ಅಲ್ಲ, ನಾನೂ ಅಲ್ಲ.

ನಜೀಬ್ ಇದು ಬಾಜಿಗೆ ಅಂತ ತಿಳಿಯುತ್ತಾನೆ. ತಿಳಿಯಲಿ. ಜವಳದ ದಿನ ನನ್ನ ತೊಡೆಯ ಮೇಲೆ ಒಂದು ಕೂಸು ನಾನು ಅಂದದ್ದನ್ನು ನಂಬಿ ತಲೆ ಕೊಟ್ಟು ಕೂತಿತ್ತು. ನಾಳೆ ಮಾಮಾನ ಮೀಸಿ. ಆ ನಾಳೆಗೆ ಹದಿಮೂರು ವರ್ಷ ಹಿಡಿಯಿತು.

ಅವನಿಗೆ ನೆನಪಿರಲಿಕ್ಕಿಲ್ಲ.

ಬಾಗಿಲು ಬಡಿದರು. ಪ್ರಭಾ ಅಲ್ಲ, ಅವಳು ಹಾಗೆ ಬಡಿಯುವುದಿಲ್ಲ.

"ಮಾಮಾ? ಐ ನೀಡ್ ಅ ರೈಡ್."

ಹತ್ತು ದಿನದ ಮೇಲೆ. ಆಡದಿದ್ದರೂ ಜರ್ಸಿ ಹಾಕಿಕೊಂಡು ಟೀಮಿನ ಪಕ್ಕ ನಿಲ್ಲಬೇಕಂತೆ. ಗೆಳೆಯನ ಕಾರು ಏನಾಯಿತು, ಕೇಳಲಿಲ್ಲ. ಐದು ನಿಮಿಷ ತಡಿ, ಅರ್ಧ ಉಳದೈತಿ ಅಂದೆ.

"ಅರ್ಧ... ವಾಟ್?"

ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಲ್ಲ. ಹಿಡಿಕೆ ತಿರುಗುತ್ತಿದೆ. ಪೆನ್ನು ಕೆಳಗಿಡುತ್ತೇನೆ.