ಒಂಬತ್ತು ಸೆಕೆಂಡು ತಡವಾದ ಆಕ್ಷೇಪಣೆ

ನೇರಪ್ರಸಾರದಲ್ಲಿ ಸಾರ್ವಜನಿಕರ ಅಹವಾಲು ಕೇಳುವ ಅಧಿಕಾರಿಗಳಿಗೆ,

ಮಾನ್ಯರೇ, ನಾನು ಮಕ್ಕಳ ಕುಡಿಯುವ ನೀರಿನ ವಿರೋಧಿಯಲ್ಲ. ಆದರೆ ಕಳೆದ ಮಂಗಳವಾರದ ತಮ್ಮ ನಡಾವಳಿಯ ಪ್ರಕಾರ ಇಡೀ ಕಳಕ್ಕೂಟದಲ್ಲಿ ಆ ವಿರೋಧಿ ನಾನೊಬ್ಬನೇ. ಶಾಲೆಯ ಮುಂದೆ ನಲ್ಲಿ ಹಾಕಿಸುವ ಪ್ರಸ್ತಾಪವು ‘ಕೃಷ್ಣಾನಂದ ಎಂಬ ನಾಗರಿಕರ ಆಕ್ಷೇಪಣೆಯ ಕಾರಣ’ ಮುಂದಕ್ಕೆ ಹೋಗಿದೆ. ನಾನು ನಿಜವಾಗಿ ವಿರೋಧಿಸಲು ಕುಳಿತಿದ್ದ ಬಸ್ ನಿಲ್ದಾಣದ ಸ್ಥಳಾಂತರ ಮಾತ್ರ ‘ಯಾರ ಆಕ್ಷೇಪಣೆಯೂ ಇಲ್ಲದೆ’ ಪಾಸಾಗಿದೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರನ್ನೇ ಹುಡುಕಿ ನಡಾವಳಿ ಬರೆಯಲು ಕೂರಿಸಿದ್ದೀರಾ?

ಆದದ್ದಿಷ್ಟು. ನಾನು ಮೈಸೂರಿನ ಕಡೆಯವನು, ಇಲ್ಲಿನ ಬಾಹ್ಯಾಕಾಶ ಸಂಸ್ಥೆಯೊಂದರಲ್ಲಿ ತಂತ್ರಜ್ಞ. ಮೂರು ವರ್ಷದಲ್ಲಿ ನಾನು ಕಲಿತ ಮಲಯಾಳಂ ಒಂದು ಚಹಾ ತರಿಸಿಕೊಳ್ಳಲು, ಸಾಕು ಎನ್ನಲು ಮತ್ತು ಬಸ್ ಇಳಿಯಲು ಸಾಲುತ್ತದೆ. ತಪ್ಪು ನನ್ನದೇ, ಒಪ್ಪುತ್ತೇನೆ. ನಿಧಾನವಾಗಿ ಆಡಿದರೆ ತಕ್ಕಮಟ್ಟಿಗೆ ಅರ್ಥವಾಗುತ್ತದೆ. ಆದರೆ ತಾವು ಮಾತಾಡುವ ವೇಗಕ್ಕೆ ನಮ್ಮ ಸಂಸ್ಥೆಯವರೇ ಬೆರಗಾಗಬೇಕು! ಅದಕ್ಕೇ ಫೋನಿನಲ್ಲಿ ತಮ್ಮ ಮಾತನ್ನು ಆಗಿಂದಾಗಲೇ ಕನ್ನಡದ ಅಕ್ಷರಗಳಾಗಿ ತೋರಿಸುವ ಸೌಲಭ್ಯ ಹಾಕಿಕೊಂಡೆ. ಅದು ಒಳ್ಳೆಯ ಅನುವಾದಕ, ತಮ್ಮ ಒಂದು ಮಾತನ್ನೂ ಬಿಡುವುದಿಲ್ಲ. ಒಂದೇ ಕೊರತೆ, ಎಲ್ಲವನ್ನೂ ಒಂಬತ್ತು ಸೆಕೆಂಡು ತಡವಾಗಿ ಹೇಳುತ್ತದೆ.

ತಾವು ಮೂರನೇ ವಿಷಯ ಓದಿದಿರಿ, ನಮ್ಮ ಬಸ್ ನಿಲ್ದಾಣವನ್ನು ಹೆದ್ದಾರಿಯ ಆಚೆ ಬದಿಗೆ ಒಯ್ಯುವುದು. “ಎದಿರ್ಪ್ಪುಂಡೋ? ಇಲ್ಲಲ್ಲೋ. ಶರಿ,” ಎಂದಿರಿ. ಆಕ್ಷೇಪವಿದೆಯೇ ಎಂದು ಕೇಳಿ, ಇಲ್ಲವಲ್ಲ ಎಂದು ತಾವೇ ಉತ್ತರಿಸಿ, ಸರಿ ಎಂದು ತಾವೇ ಒಪ್ಪಿಕೊಳ್ಳಲು ಹಿಡಿದದ್ದು ಎರಡು ಸೆಕೆಂಡು. ನನ್ನ ಪರದೆಯ ಮೇಲೆ ‘ಆಕ್ಷೇಪಣೆ ಇದೆಯೇ’ ಎಂದು ಮೂಡುವ ಹೊತ್ತಿಗೆ ತಾವು ನಾಲ್ಕನೇ ವಿಷಯವಾದ ಮಕ್ಕಳ ನೀರನ್ನು ಓದಿ, ಅದಕ್ಕೂ ಆಕ್ಷೇಪಣೆ ಕೇಳುತ್ತಿದ್ದಿರಿ. ನಾನು ಎದ್ದುಬಿದ್ದು ಪರದೆಯ ಮೇಲಿನ ಕೈ ಎತ್ತುವ ಗುರುತನ್ನು ಒತ್ತಿದೆ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ಗಾದೆ ತಮಗೂ ಗೊತ್ತಿರಬಹುದು. ನಾನು ಹಾಕಿದ್ದು ಪಕ್ಕದ ಊರಿನ ಬಾಗಿಲನ್ನು. ಮೈಕು ಮುಚ್ಚಿತ್ತು, ಬರೆದು ಹೇಳುವ ಜಾಗವನ್ನೂ ಮುಚ್ಚಿದ್ದಿರಿ. ಅಯ್ಯೋ, ಅದಲ್ಲ ಸ್ವಾಮೀ, ಎಂದು ನಾನು ಕೂಗಿದ್ದು ನಮ್ಮ ಅಡುಗೆಮನೆಯವರೆಗೆ ಮಾತ್ರ ಕೇಳಿಸಿತು.

ಮರುದಿನ ನಿಲ್ದಾಣದ ಪಕ್ಕದ ಚಹಾದಂಗಡಿಯ ದಾಮೋದರ ಚೇಟ್ಟನ್ ಲೋಟವನ್ನು ನನ್ನ ಮುಂದೆ ಕುಕ್ಕಿ, “ಸಾರೇ, ಪಿಳ್ಳೇರ್ಕ್ಕ್ ವೆಳ್ಳಂ ವೇಂಡೇ?” ಎಂದರು. ಮಕ್ಕಳಿಗೆ ನೀರು ಬೇಡವೇ ಎಂಬ ಈ ಪ್ರಶ್ನೆಗೆ ಮಾತ್ರ ನನಗೆ ಅನುವಾದ ಬೇಕಾಗಲಿಲ್ಲ. ಅದೇ ಶಾಲೆಯಲ್ಲಿ ಓದುವ ನನ್ನ ಮಗಳು ನಿಖಿತಾ ಎರಡು ದಿನದಿಂದ ನನ್ನ ಜೊತೆ ಕನ್ನಡದಲ್ಲೂ ಮಾತಾಡುತ್ತಿಲ್ಲ, ಮಲಯಾಳದಲ್ಲೂ ಇಲ್ಲ. ನನಗೆ ನಾಚಿಕೆಯಾಗಿದೆ, ಮಾನ್ಯರೇ. ತಮಾಷೆಯಲ್ಲ.

ಇನ್ನು ನಿಲ್ದಾಣದ ವಿಷಯ. ನನ್ನ ಹೆಂಡತಿ ನಿರ್ಮಲ ಶ್ರೀಕಾರ್ಯಂ ಎಂಬ ಪಕ್ಕದ ಊರಿನ ಒಂದು ಶಾಲೆಯಲ್ಲಿ ಪಾಠ ಮಾಡುತ್ತಾಳೆ. ಹೋದ ವರ್ಷ ಬಿದ್ದು ಕಾಲು ಮುರಿದುಕೊಂಡಳು, ಒಳಗೆ ಲೋಹದ ಪಟ್ಟಿ ಹಾಕಿದ್ದಾರೆ. ಏಳು ತಿಂಗಳ ಮೇಲೆ, ಯಾರ ತೋಳನ್ನೂ ಹಿಡಿಯದೆ ನಮ್ಮ ಗೇಟಿನಿಂದ ನಿಲ್ದಾಣಕ್ಕೆ ನಡೆದು ತಾನೇ ಬಸ್ ಹತ್ತಿದ ದಿನ ಫೋನ್ ಮಾಡಿ, “ರೀ, ಕೂತ್ಕೊಂಡೆ, ಕಿಟಕಿ ಪಕ್ಕದ ಸೀಟು!” ಎಂದಳು. ನಾನು ಆಫೀಸಿನಲ್ಲೇ ಅತ್ತೆ. ನಿಲ್ದಾಣ ಆಚೆ ಬದಿಗೆ ಹೋದರೆ ಅವಳು ಮೇಲ್ಸೇತುವೆಯ ನಲವತ್ತೆಂಟು ಮೆಟ್ಟಿಲು ಹತ್ತಿ ಇಳಿಯಬೇಕು. ಅವಳಿಂದ ಆಗುವುದಿಲ್ಲ. ಸುದ್ದಿ ತಿಳಿದಾಗ ಅವಳು ನನ್ನನ್ನು ಬೈಯಲಿಲ್ಲ, “ರಾಕೆಟ್ಟಿಗೆ ಹತ್ತರಿಂದ ಎಣಿಸೋರು ನೀವು, ಒಂದು ಕೈ ಹೊತ್ತಿಗೆ ಸರಿಯಾಗಿ ಎತ್ತೋಕಾಗ್ಲಿಲ್ವಾ?” ಎಂದಳು. ಬೈದಿದ್ದರೇ ಚೆನ್ನಾಗಿತ್ತು.

ಅಂದು ಒಮ್ಮೆ ಮಾತ್ರ ನಾನು ತಮಗೆ ಸರಿಸಮನಾಗಿ ಓಡಿದೆ. ಏಳನೇ ವಿಷಯ, ಬೀದಿದೀಪ. ತಾವು ಆಕ್ಷೇಪಣೆ ಕೇಳಿದ ಕೂಡಲೇ ಯಾರೋ ಪುಣ್ಯಾತ್ಮರು ಹಾಲಿಲ್ಲದ ಕಟ್ಟನ್ ಚಾಯ ತಂದಿಟ್ಟರು. ತಾವು ಊದಿದಿರಿ, ಗುಟುಕರಿಸಿದಿರಿ, ಸಕ್ಕರೆ ಸಾಲದೆಂದು ಮುಖ ಕಿವಿಚಿದಿರಿ. ಅಷ್ಟರಲ್ಲಿ ಅಕ್ಷರ ಬಂತು, ನಾನು ಓದಿದೆ, ಯೋಚಿಸಿದೆ, ಬೀದಿದೀಪಕ್ಕೆ ನನ್ನ ಆಕ್ಷೇಪಣೆಯಿಲ್ಲವೆಂದು ಕೈ ಕಟ್ಟಿ ಕುಳಿತೆ. ಪ್ರಜಾಪ್ರಭುತ್ವಕ್ಕೆ ಒಂದು ಲೋಟ ಚಹಾದಷ್ಟು ಹೊತ್ತು ಸಾಕೆಂದು ಅಂದು ತಿಳಿಯಿತು. ಹೊರರಾಜ್ಯದವರೂ ನೋಡಲಿ ಎಂದೇ ತಾನೇ ಇದನ್ನು ನೇರಪ್ರಸಾರ ಮಾಡುವುದು? ನಮ್ಮ ಕಟ್ಟಡದಲ್ಲೇ ಒಡಿಯಾ, ಹಿಂದಿ, ತೆಲುಗಿನಲ್ಲಿ ತಮ್ಮನ್ನು ಓದುವ ಮನೆಗಳಿವೆ. ನಾವೆಲ್ಲರೂ ಒಂಬತ್ತು ಸೆಕೆಂಡು ಹಿಂದೆ ವಾಸಿಸುತ್ತಿದ್ದೇವೆ. ತಾವು ನಮ್ಮ ಮೌನವೆಂದು ಬರೆದುಕೊಂಡಿದ್ದು ನಮ್ಮ ಓದಿನ ಸಮಯ.

ಬರುವ ಗುರುವಾರ ಅಂತಿಮ ಸಭೆ. ನನ್ನ ಬೇಡಿಕೆಗಳು ದೊಡ್ಡವಲ್ಲ. ಮಕ್ಕಳ ನೀರಿನ ಕಡತದಿಂದ ನನ್ನ ಹೆಸರು ತೆಗೆದು, ನಲ್ಲಿಯನ್ನು ಬೇಗ ಹಾಕಿಸಿ. ಮೂರನೇ ವಿಷಯವನ್ನು ಮತ್ತೆ ಓದಿ, ಆಕ್ಷೇಪಣೆ ಇದೆಯೇ ಎಂದು ಕೇಳಿದ ಮೇಲೆ ಹತ್ತರಿಂದ ಸೊನ್ನೆಯವರೆಗೆ ಎಣಿಸಿ. ಒಂಬತ್ತು ಸೆಕೆಂಡು ಅಕ್ಷರ ಬರುವುದಕ್ಕೆ, ಒಂದು ನನ್ನ ಬೆರಳಿಗೆ. ಎಣಿಸಲು ಬೇಸರವಾದರೆ ಹೇಳಿ ಕಳಿಸಿ, ದಾಮೋದರ ಚೇಟ್ಟನ್ ಅಂಗಡಿಯಿಂದ ಚಹಾ ಕಳಿಸುತ್ತೇನೆ, ಸಕ್ಕರೆ ಜಾಸ್ತಿ ಹಾಕಿಸಿ. ಅಂದು ರಜೆ ಹಾಕು ಎಂದರೆ ನಿರ್ಮಲ ಕೇಳಲಿಲ್ಲ. ಸಭೆ ನಡೆಯುವ ಹೊತ್ತಿಗೆ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಿರುತ್ತಾಳಂತೆ. ಶುಕ್ರವಾರವೂ ಅಲ್ಲೇ ಕೂರಬೇಕಂತೆ.

ಇಂತಿ,
ತಮ್ಮ ಪ್ರಶ್ನೆ ಈಗಷ್ಟೇ ತಲುಪಿರುವ, ಮಂಗಳವಾರದಿಂದ ಕೈ ಇಳಿಸದೆ ಕುಳಿತಿರುವ
ಕೃಷ್ಣಾನಂದ, ಕಳಕ್ಕೂಟಂ