ಗಣಿಯ ಕೆಳಗಿನ ನದಿ

ಭಾನುವಾರ, ಫೆಬ್ರವರಿ ೮

ನನ್ನ ಗುಬ್ಬಿಗೆ,

ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯ ಎಂದುಕೊಂಡೇ ಈ ಪತ್ರ ಶುರುಮಾಡುತ್ತಿದ್ದೇನೆ. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ ಎಂದು ಬರೆಯಲು ಹೋದೆ, ಕೈ ಬರಲಿಲ್ಲ.

ಕಲ್ಲಿದ್ದಲು ಗಣಿಯ ವಿಸ್ತರಣೆಗೆ ಒಪ್ಪಿಗೆ ಸಿಗಲಿಲ್ಲ. ನೀನು ನದಿಯ ನೀರು ಪರೀಕ್ಷಿಸಿ ಕೊಟ್ಟ ವರದಿಯೇ ಕಾರಣ ಎಂದು ಗಣಿ ಆಫೀಸಿನ ಗೋಡೆಗೆ ನೋಟೀಸು ಅಂಟಿಸಿದ್ದಾರೆ. ಹಳೆಯ ಗುಂಡಿಯಲ್ಲಿ ಇನ್ನೊಂದು ವರ್ಷದ ಕೆಲಸ ಉಳಿದಿದ್ದರೆ ಹೆಚ್ಚು. ಹೊಸ ಗುಂಡಿಯಲ್ಲಿ ನಿನ್ನ ಅಣ್ಣನಿಗೆ ಸಿಗಬೇಕಾಗಿದ್ದ ಕೆಲಸ ಕೈತಪ್ಪಿತು. ಬಸುರಿ ಹೆಂಡತಿಯನ್ನು ನಮ್ಮ ಬಳಿ ಬಿಟ್ಟು ಬೇರೆ ಗಣಿ ಹುಡುಕಿಕೊಂಡು ಹೋಗಿದ್ದಾನೆ. ಮನೆಯಲ್ಲಿ ನಿನ್ನ ಸುದ್ದಿ ಎತ್ತಲಿಲ್ಲ. ಬಸ್ಸು ಹತ್ತಿದ ಮೇಲೆ ಕಿಟಕಿಯಿಂದ ಬಗ್ಗಿ, "ಅವಳಿಗೆ ಇದೇ ನದಿ ಬೇಕಿತ್ತೇನಮ್ಮ? ಲೋಕದಲ್ಲಿ ಬೇರೆ ನದಿ ಇರಲಿಲ್ವಾ?" ಅಂದ.

ನೀರು ಪರೀಕ್ಷಿಸಲು ಊರಿಗೆ ಬಂದಾಗ, ಮನೆಗೆ ಬಂದರೆ ಪಕ್ಷಪಾತ ಅಂತಾರೆ ಎಂದು ಫೋನಿನಲ್ಲಿ ಹೇಳಿ ನೀನು ಅತಿಥಿಗೃಹದಲ್ಲೇ ಉಳಿದೆಯಲ್ಲ, ಆಗ ತರಕಾರಿ ತರುವ ನೆಪದಲ್ಲಿ ನಾನು ಸೇತುವೆಯ ಮೇಲೆ ನಿಂತಿದ್ದೆ. ನೀನು ಮೊಣಕಾಲುದ್ದದ ರಬ್ಬರ್ ಬೂಟು ಹಾಕಿಕೊಂಡು, ಗಣಿಯ ನೀರು ನದಿಗೆ ಬೀಳುವ ಕಡೆ ಬಗ್ಗಿ ಬಾಟಲಿ ತುಂಬುತ್ತಿದ್ದೆ. ಅಲ್ಲಿನ ಕಲ್ಲುಗಳಿಗೆಲ್ಲ ತುಕ್ಕಿನ ಬಣ್ಣ. ಕೂಗಿ ಕರೆಯಬೇಕೆನಿಸಿತು. ನಿನ್ನ ಕೆಲಸಕ್ಕೆ ಕುತ್ತು ಬಂದೀತೆಂದು ಬಾಯಿ ಮುಚ್ಚಿಕೊಂಡೆ.

ವಿಸ್ತರಣೆಯ ಬಗ್ಗೆ ಊರವರನ್ನೆಲ್ಲ ಕರೆದಿದ್ದ ಸಭೆಯಲ್ಲಿ ನೀನು ಆಡಿದ ಒಂದು ಮಾತೂ ಮರೆತಿಲ್ಲ. ಗಣಿಗಿಂತ ಮೇಲೆ ನದಿ ಚೆನ್ನಾಗಿದೆ, ಕೆಳಗೆ ನೀರು ಹುಳಿಯಾಗಿದೆ, ಲೋಹ ಸೇರಿದೆ, ಕಾರ್ಮಿಕರ ಮನೆಗಳ ನಲ್ಲಿಗೆ ಬರುವುದೂ ಅದೇ ನೀರು ಎಂದೆ. ಗಣಿ ದೊಡ್ಡದಾದರೆ ಈ ವಿಷ ಕೆಳಗಿನ ಊರುಗಳಿಗೂ ಹೋಗುತ್ತದೆ ಎಂದೆ. ನಿನ್ನ ದನಿ ನಡುಗಲಿಲ್ಲ. ನನಗೆ ಹೆಮ್ಮೆಯಾಯಿತು; ಹೆದರಿಕೆಯೂ ಆಯಿತು. ಆ ಗುಂಡಿಯಲ್ಲಿ ಡಂಪರ್ ಓಡಿಸಿಯೇ ಮುದುಕರಾದ ನಿಮ್ಮಪ್ಪ ಎದ್ದು ನಿಂತರು. "ಈ ಗಣಿ ಅನ್ನ ತಿಂದೇ ಇವಳು ಓದಿದ್ದು. ಇವತ್ತಿಂದ ಇವಳು ನನ್ನ ಮಗಳಲ್ಲ" ಅಂದರು. ನೀನು ಕಾಗದ ಮಡಚುತ್ತಾ, "ಹೌದಪ್ಪ, ಅದೇ ಅನ್ನ. ಆದ್ರೂ ನೀರು ಹೀಗೇ ಇದೆ" ಅಂದೆ.

ಈಗ ಅಕ್ಕಪಕ್ಕದವರು ಮಾತು ಬಿಟ್ಟಿದ್ದಾರೆ. ನಲ್ಲಿಯ ಹತ್ತಿರ ಹೋದರೆ, "ವಿಜ್ಞಾನಿ ತಾಯಿ ಬಂದ್ರು, ಮೊದಲು ಪರೀಕ್ಷೆ ಮಾಡ್ಕೊಳ್ಳಲಿ ಬಿಡ್ರೇ" ಎಂದು ಬಕೆಟ್ ಎತ್ತಿಕೊಂಡು ಸರಿಯುತ್ತಾರೆ. ಒಂದು ದಿನ ನನಗೂ ನಗು ಬಂತು. ಮನೆಗೆ ಬಂದು ಅತ್ತುಬಿಟ್ಟೆ.

ನೀನು ಹೇಳಿದ್ದು ಸುಳ್ಳಾಗಿದ್ದರೆ ಎಷ್ಟು ಸುಲಭವಿತ್ತು. ಚೆನ್ನಾಗಿ ಬೈದು, ಕ್ಷಮಿಸಿ, ಮನೆಗೆ ಕರೆಯುತ್ತಿದ್ದೆವು. ನಿಜ ಹೇಳಿದವಳನ್ನು ಏನೆಂದು ಕ್ಷಮಿಸುವುದು?

ಮಗು ಹುಟ್ಟಿದಾಗ ತಿಳಿಸುತ್ತೇನೆ. ಆದರೆ ಬರಬೇಡ ಗುಬ್ಬಿ. ನಿಮ್ಮಪ್ಪ ಬಾಗಿಲು ತೆಗೆಯುವುದಿಲ್ಲ. ನೀನು ಹೊರಗೆ ನಿಂತಿರುವುದನ್ನು ಒಳಗಿನಿಂದ ನೋಡುವ ಶಕ್ತಿ ನನಗಿಲ್ಲ.

ನೀನಿಲ್ಲದ ಮನೆಯಲ್ಲಿ ನಿನ್ನನ್ನೇ ನೆನೆಯುತ್ತಾ,
ಅಮ್ಮ

ಮತ್ತೆ: ಇದನ್ನು ಬರೆಯಬಾರದು ಎಂದುಕೊಂಡಿದ್ದೆ. ಸಭೆಯ ಮಾರನೆಯ ದಿನದಿಂದ ನಿಮ್ಮಪ್ಪ ಬೆಳಿಗ್ಗೆ ಸೈಕಲ್ಲಿಗೆ ಕ್ಯಾನು ಕಟ್ಟಿಕೊಂಡು, ಗಣಿ ದಾಟಿ ಮೇಲಕ್ಕೆ ಹೋಗಿ ನದಿ ನೀರು ತರುತ್ತಾರೆ. ಯಾರಿಗೂ ಕಾಣದಂತೆ ಅದಕ್ಕೊಂದು ಗೋಣಿಚೀಲ ಸುತ್ತಿರುತ್ತಾರೆ. ಆ ನೀರನ್ನು ಕಾಯಿಸಿ ಸೊಸೆಗೆ ಮಾತ್ರ ಕೊಡಬೇಕಂತೆ. ಈ ವಯಸ್ಸಿನಲ್ಲಿ ಯಾಕೆ ಇಷ್ಟು ಕಷ್ಟ ಎಂದು ಕೇಳಿದೆ. "ಅವಳು ಹೇಳಿದ್ದು ನಿನಗೆ ಕೇಳಿಸ್ಲಿಲ್ವಾ?" ಅಂದರು. ಸಭೆಯಾದ ಮೇಲೆ ನಿನ್ನ ಸುದ್ದಿ ಅವರ ಬಾಯಲ್ಲಿ ಬಂದದ್ದು ಅದೊಂದೇ ಸಲ. ನಾವಿಬ್ಬರೂ ಈಗಲೂ ನಲ್ಲಿ ನೀರನ್ನೇ ಕುಡಿಯುತ್ತೇವೆ.