ಪುಡಿ ಹಾಕಿದ ಬಾವಿಯ ನೀರು

ಅವ್ವಾ ಕೊಟ್ರಮ್ಮ,

ಸಂತೇಬೆನ್ನೂರಿಗೆ ಹೊರಟಿದ್ದೇನೆ. ನೀನು ಮಲಗಿದ್ದೆ ಅಂತ ಎಬ್ಬಿಸಲಿಲ್ಲ.

ನೀನು ಬಚ್ಚಿಟ್ಟಿದ್ದ ಹಳ್ಳದ ನೀರಿನ ಕೊಡವನ್ನು ಬಾಳೆಗಿಡಕ್ಕೆ ಸುರಿದಿದ್ದೇನೆ, ಬೈದುಕೊಳ್ಳಬೇಡ. ಮೇಲಿನ ಊರಿನಲ್ಲಿ ವಾಂತಿಭೇದಿ ಎದ್ದದ್ದು ಹಳ್ಳದ ನೀರಿನಿಂದಲೇ.

“ಬಾವಿ ನೀರಿನ ಪುಡಿಯಿಂದ ಹೊಟ್ಟೆಯಾಗಿನ ಕೂಸಿಗೆ ಏನಾತೈತೋ” ಎಂದು ನೀನು ಪಕ್ಕದ ಮನೆಯ ಕಸ್ತೂರಮ್ಮನಿಗೆ ಹೇಳುತ್ತಿದ್ದುದು ಕೇಳಿಸಿತು. ನನಗೂ ಅದೇ ಅಳುಕಿತ್ತು. ರೋಗದ ಹುಳ ಸಾಯಲೆಂದು ಬಾವಿಗೆ ಪುಡಿ ಹಾಕಿದ ಆಸ್ಪತ್ರೆಯವರನ್ನೇ ಕೇಳಿದೆ. “ನಮ್ಮನೆಯಾಕೆನೂ ಬಸುರಿ ಅದಾಳ್ರೀ ಗೌಡ್ರೆ, ಇದೇ ನೀರು ಕುಡಿತಾಳೆ” ಅಂದರು.

ಬಾವಿ ನೀರು ಕಾಸಿ ಆರಿಸಿದ್ದೇನೆ. ರುಚಿ ತುಸು ಬೇರೆ ಐತೆ, ಸುಳ್ಳು ಹೇಳಲಾರೆ. ಆದರೆ ಬೆಳಿಗ್ಗೆ ಅದರಲ್ಲೇ ಲಿಂಗಪೂಜೆ ಮಾಡಿ ಪಾದೋದಕ ತಗೊಂಡೆ. ಲಿಂಗಯ್ಯ ಬೇಡ ಅನ್ನಲಿಲ್ಲ.

ನಿನ್ನ ಪೂಜೆಗೂ ಒಂದು ತಂಬಿಗೆ ಮುಚ್ಚಿಟ್ಟಿದ್ದೇನೆ. ಮೊದಲು ಲಿಂಗಕ್ಕೆ ಎರೆ. ಆಮೇಲೆ ನನ್ನ ಮೊಮ್ಮಗುವಿಗೆ ಕುಡಿಸು.

ನಿನ್ನ ಮಾವ